ಸೆಟ್: ಪುಟ್ಟ ಕ್ರಿಯಾಪದ, ದೊಡ್ಡ ಮನೆತನ

(ಧಾರವಾಡದಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಗುರುಗಳೇ, ಗೆಳೆಯರೇ,

ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ ಇರುವ ಪದ: ‘ಸೆಟ್’. ಐದನೇ ಇಯತ್ತೆಯ ಹುಡುಗನಿಗೂ ಗೊತ್ತಿರುವ ಪದ. ಆದರೆ ಇದಕ್ಕೆ ಪೂರ್ತಿ ಅರ್ಥ ಬರೆಯಲು ಕೂತವರಿಗೆ ಅದೊಂದೇ ದೊಡ್ಡ ಕೆಲಸವಾಯಿತು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು ಬಂದದ್ದು 1884ರಲ್ಲಿ, ಕೊನೆಯ ಕಂತು 1928ರಲ್ಲಿ. ಪ್ರಧಾನ ಸಂಪಾದಕ ಜೇಮ್ಸ್ ಮರ್ರೆ ಕೆಲಸ ಮುಗಿಯುವ ಮೊದಲೇ 1915ರಲ್ಲಿ ತೀರಿಕೊಂಡರು. ‘ಸೆಟ್’ ಇರುವ ಭಾಗವನ್ನು ಸಿದ್ಧಪಡಿಸಿದವರು ಅವರ ಜೊತೆಗಾರ ಹೆನ್ರಿ ಬ್ರಾಡ್ಲಿ. ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಕಳಿಸುತ್ತಿದ್ದರು. ಆ ಚೀಟಿಗಳನ್ನು ಅರ್ಥಕ್ಕೆ ತಕ್ಕಂತೆ ವಿಂಗಡಿಸಬೇಕು. 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದೇ ಆಗಿತ್ತು. ಒಂಟಿಯಾಗಿ ಅದಕ್ಕೆ 430 ಅರ್ಥ. ಬೇರೆ ಪದಗಳ ಜೊತೆ ಸೇರಿದಾಗ ಬರುವ ಅರ್ಥಗಳನ್ನೂ ಕೂಡಿಸಿದರೆ ಸುಮಾರು 580. ಅಷ್ಟನ್ನು ವಿವರಿಸಲು ಸುಮಾರು 60,000 ಪದಗಳು ಬೇಕಾದವು. ಅಂದರೆ ಒಂದು ಪದದ ಅರ್ಥಕ್ಕೆ ಒಂದು ಇಡೀ ಪುಸ್ತಕ.

ಮೂರನೇ ಆವೃತ್ತಿಯ ಕೆಲಸ ಶುರುವಾದ ಮೇಲೆ ಈ ದಾಖಲೆ ಕೈಬದಲಾಯಿತು. 2000ದಲ್ಲಿ ‘ಮೇಕ್’ ಮುಂದೆ ಬಂತು, 2007ರಲ್ಲಿ ‘ಪುಟ್’, 2011ರಲ್ಲಿ 645 ಅರ್ಥಗಳೊಂದಿಗೆ ‘ರನ್’. ಈ ನಾಲ್ಕು ಪದಗಳನ್ನು ಒಟ್ಟಿಗೆ ನೋಡಿ. ಮಾಡು, ಹಾಕು, ಓಡು, ಕೂಡಿಸು (ಅಂದರೆ ಕೂರಿಸು). ಎಲ್ಲವೂ ಕೈಕಾಲಿನ ಕೆಲಸ. ಮಗು ಚಿಕ್ಕಂದಿನಲ್ಲೇ ಕಲಿಯುವ ಮಾತು. ಪಾಠಪುಸ್ತಕದಲ್ಲಿ ನಾವು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿ ಬಾಯಿಪಾಠ ಮಾಡಿಸುವ ಉದ್ದುದ್ದ ಪದಗಳಿಗೆ ಒಂದೋ ಎರಡೋ ಅರ್ಥ. ಮಕ್ಕಳು ನಿಜವಾಗಿ ತಡವರಿಸುವುದು ಈ ಸಣ್ಣ ಪದಗಳ ಹತ್ತಿರ. ಅವಕ್ಕೆ ನಾವು ತರಗತಿಯಲ್ಲಿ ಕೊಡುವ ಸಮಯ ತೀರಾ ಕಡಿಮೆ. ಇದು ನನಗೆ ಬಹಳ ದಿನದಿಂದ ಕಾಡುವ ವಿಷಯ.

‘ಸೆಟ್ ಅಂದರೆ ಇಡು’ ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗುತ್ತೇವೆ. ಮರುದಿನ ಮಗು ‘ಸನ್ ಸೆಟ್ಸ್’ ಎಂದು ಓದುತ್ತದೆ. ಸೂರ್ಯ ಏನನ್ನು ಇಡುತ್ತಾನೆ? ಅದರ ಮುಂದಿನ ಪಾಠದಲ್ಲಿ ‘ಸೆಟ್ ಫೈರ್’. ಬೆಂಕಿ ಇಡು ಅಂತ ಹೇಗೋ ಹೊಂದಿಸಿಕೊಂಡರೂ ‘ಸೆಟ್ ದಿ ಅಲಾರಾಂ’, ‘ಸಿಮೆಂಟ್ ಸೆಟ್ಸ್’, ‘ದಿ ರೇನ್ ಸೆಟ್ ಇನ್’ ಬಂದಾಗ ‘ಇಡು’ ಕೈಕೊಡುತ್ತದೆ. ನನ್ನ ಮಾತು ಇಷ್ಟೇ: ಈ ಪದಕ್ಕೆ ಬೇಕಾದ ಕನ್ನಡ ನಮ್ಮ ಹುಬ್ಬಳ್ಳಿ-ಧಾರವಾಡದ ಮಕ್ಕಳ ಬಾಯಲ್ಲೇ ಇದೆ. ಅದು ಒಂದಲ್ಲ, ಎರಡು ಕ್ರಿಯಾಪದ. ‘ಕೂಡಿಸು’ ಮತ್ತು ‘ಹಚ್ಚು’.

ಮೊದಲು ‘ಕೂಡಿಸು’. ಚೌತಿ ಹತ್ತಿರ ಬಂದಾಗ ಹುಬ್ಬಳ್ಳಿಯ ಓಣಿಗಳಲ್ಲಿ ಕೇಳುವ ಪ್ರಶ್ನೆ, “ಈ ಸಲ ಗಣಪತಿ ಎಲ್ಲಿ ಕೂಡಸ್ತೀರಿ?” ಯಾರೂ ಗಣಪತಿ ‘ಇಡ್ತೀರಿ’ ಅನ್ನುವುದಿಲ್ಲ. ಇಡುವುದು ಚೀಲವನ್ನು. ಕೂಡಿಸುವುದು ಅಂದರೆ ತಕ್ಕ ಜಾಗ ನೋಡಿ, ಸರಿಯಾಗಿ, ಅಲ್ಲಾಡದಂತೆ, ಉಳಿಯುವಂತೆ ಇಡುವುದು. ಇಂಗ್ಲಿಷಿನಲ್ಲಿ ‘ಪುಟ್’ಗೂ ‘ಸೆಟ್’ಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಇದೇ. ಪತ್ತಾರರು ಉಂಗುರದಲ್ಲಿ ಹರಳು ಕೂಡಿಸುತ್ತಾರೆ, ಇಂಗ್ಲಿಷಿನವರು ಹರಳನ್ನು ‘ಸೆಟ್’ ಮಾಡುತ್ತಾರೆ. ಅಂಗಿ ಮೈಮೇಲೆ ಚೆಂದ ಕೂತಿದೆ ಅನ್ನುತ್ತೇವೆ, ಅವರು ಕೋಟಿನ ‘ಸೆಟ್’ ಚೆನ್ನಾಗಿದೆ ಅನ್ನುತ್ತಾರೆ. ನಮ್ಮ ಎರೆಮಣ್ಣಿನಲ್ಲಿ ಕಟ್ಟಿದ ಮನೆಯ ಪಾಯ ‘ಕೂತಿದೆ’ ಎಂದರೆ ಇಂಜಿನಿಯರು ‘ಸೆಟ್ಲ್‌ಮೆಂಟ್’ ಅನ್ನುತ್ತಾರೆ. ಅದೂ ಇದೇ ಬಳಗದ ಪದ.

ಇನ್ನು ‘ಹಚ್ಚು’. ಬೆಂಗಳೂರು, ಮೈಸೂರು ಕಡೆಯವರಿಗೆ ಹಚ್ಚು ಅಂದರೆ ದೀಪ, ಬಣ್ಣ, ಎಣ್ಣೆ, ಬೆಂಕಿ. ಅಷ್ಟಕ್ಕೆ ಹೆಚ್ಚುಕಮ್ಮಿ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಟಿವಿ ಹಚ್ಚುತ್ತೇವೆ. ಫೋನ್ ಹಚ್ಚುತ್ತೇವೆ. ಅಲಾರಾಂ ಹಚ್ಚಿ ಮಲಗುತ್ತೇವೆ. ಮಗುವನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ. ದೊಡ್ಡವನಾದ ಮೇಲೆ ಕೆಲಸಕ್ಕೆ ಹಚ್ಚುತ್ತೇವೆ. ಹಾವೇರಿ, ಬ್ಯಾಡಗಿ ಕಡೆಯ ರೈತರು ಮೆಣಸಿನ ಅಗಿ (ಸಸಿ) ಹಚ್ಚುತ್ತಾರೆ. “ಊಟಕ್ಕ ಹಚ್ಚು” ಅಂದರೆ ತಾಟಿನಲ್ಲಿ ಬಡಿಸಿ ಸಿದ್ಧ ಮಾಡು. ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚುವವರೂ ಇದ್ದಾರೆ. “ಅಂಗಡಿಯವನು ಎಷ್ಟು ಹಚ್ಚಿದ?” ಅಂದರೆ ಎಷ್ಟು ಬೆಲೆ ಹೇಳಿದ ಅಂತ.

ಈಗ ಇದೇ ಸಾಲನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಬೆಂಕಿ ಹಚ್ಚು, ಸೆಟ್ ಫೈರ್. ಅಲಾರಾಂ ಹಚ್ಚು, ಸೆಟ್ ದಿ ಅಲಾರಾಂ. ಕೆಲಸಕ್ಕೆ ಹಚ್ಚು, ಸೆಟ್ ಟು ವರ್ಕ್. ಅಗಿ ಹಚ್ಚು, ಸೆಟ್ ಪ್ಲಾಂಟ್ಸ್. ಊಟಕ್ಕೆ ಹಚ್ಚು, ಸೆಟ್ ದಿ ಟೇಬಲ್. ಜಗಳ ಹಚ್ಚು, ಸೆಟ್ ಒನ್ ಅಗೇನ್ಸ್ಟ್ ಅನದರ್. ಬೆಲೆ ಹಚ್ಚು, ಸೆಟ್ ಎ ಪ್ರೈಸ್. ಎಲ್ಲ ಕಡೆಯೂ ಹೊಂದುತ್ತದೆ ಎಂದು ಹೇಳುತ್ತಿಲ್ಲ. ಟಿವಿ, ಫೋನ್, ಸಾಲಿ ಹೊಂದುವುದಿಲ್ಲ. ಆದರೆ ಇಷ್ಟು ಸಿಕ್ಕಿದರೆ ಮಗುವಿಗೆ ಒಂದು ಹಾದಿ ಸಿಕ್ಕಹಾಗೆ, ಅಲ್ವಾ? ಈ ಮಾತುಗಳನ್ನೇ ‘ಗ್ರಾಮ್ಯ’ ಎಂದು ತರಗತಿಯ ಬಾಗಿಲಲ್ಲೇ ತಡೆಯುತ್ತೇವೆ. ಮನೆಯ ಮಾತನ್ನು ಹೊರಗೆ ನಿಲ್ಲಿಸಿದರೆ ಮಗು ಇಂಗ್ಲಿಷನ್ನು ಯಾವುದರ ಮೇಲೆ ಕಟ್ಟಬೇಕು?

ಈಗ ಹುಟ್ಟಿನ ವಿಷಯಕ್ಕೆ ಬರೋಣ. ನನಗೆ ಅತಿ ಇಷ್ಟವಾದ ಭಾಗ ಇದು.

‘ಸೆಟ್’ನ ಹಳೆಯ ರೂಪ ಹಳೆ ಇಂಗ್ಲಿಷಿನ ‘ಸೆಟ್ಟನ್’. ಜರ್ಮನ್ನಿನಲ್ಲಿ ಇದರ ಸೋದರ ‘ಸೆಟ್ಸೆನ್’. ಇವಕ್ಕೆಲ್ಲ ಹಿಂದಿನ ರೂಪ ‘ಸಟ್ಯನ್’ ಎಂದು ಪಂಡಿತರು ಕಟ್ಟಿಕೊಟ್ಟಿದ್ದಾರೆ. ‘ಸಿಟ್’ ಅಂದರೆ ಕೂಡು. ಅದರ ಧಾತುವಿನ ಸ್ವರ ಬದಲಿಸಿ, ಮುಂದೆ ‘ಯ’ ಸೇರಿಸಿದರೆ ಕೂಡುವಂತೆ ಮಾಡು. ಅಂದರೆ ‘ಸೆಟ್’ ಎಂಬುದು ‘ಸಿಟ್’ನ ಪ್ರೇರಣಾರ್ಥಕ ರೂಪ. ‘ಯ’ ಧ್ವನಿ ತನ್ನ ಹಿಂದಿನ ‘ಅ’ವನ್ನು ‘ಎ’ ಕಡೆ ಎಳೆಯಿತು. ಆಮೇಲೆ ತಾನು ಅಳಿಸಿಹೋಯಿತು. ಅದು ಬಿಟ್ಟುಹೋದ ಗುರುತು ಈ ‘ಎ’ ಮಾತ್ರ.

ನಮಗೆ ಇದು ಹೊಸದಲ್ಲ. ಕನ್ನಡದಲ್ಲಿ ‘ಇಸು’ ಇದೆ. ಕೂಡು–ಕೂಡಿಸು, ಮಲಗು–ಮಲಗಿಸು, ಬೀಳು–ಬೀಳಿಸು, ಕುಡಿ–ಕುಡಿಸು. ಹೊಸ ಪದ ಬಂದರೂ ಇಸು ಸೇರಿಸಿ ಕೆಲಸ ನಡೆಸುತ್ತೇವೆ. ಇಂಗ್ಲಿಷಿನಲ್ಲಿ ಆ ಯಂತ್ರ ನಿಂತು ಸಾವಿರ ವರ್ಷದ ಮೇಲಾಯಿತು. ಅದು ಓಡುತ್ತಿದ್ದಾಗ ತಯಾರಾದ ಕೆಲವೇ ಜೋಡಿಗಳು ಉಳಿದಿವೆ. ‘ಲೈ’ ಮಲಗು, ‘ಲೇ’ ಮಲಗಿಸು. ‘ಫಾಲ್’ ಬೀಳು, ‘ಫೆಲ್’ ಬೀಳಿಸು, ಅಂದರೆ ಮರ ಕೆಡವು. ‘ಡ್ರಿಂಕ್’ ಕುಡಿ, ‘ಡ್ರೆಂಚ್’ ಕುಡಿಸು.

ಕೊನೆಯದನ್ನು ಕೇಳಿ ನೀವು ಹುಬ್ಬೇರಿಸಿದ್ದು ಕಾಣಿಸಿತು. ಡ್ರೆಂಚ್ ಅಂದರೆ ತೊಯ್ಸಿ ತೊಪ್ಪೆ ಮಾಡು ಅಂತಲ್ಲವೇ? ಇವತ್ತಿನ ರೂಢಿ ಅದೇ. ಆದರೆ ಮೊದಲ ಅರ್ಥ ಕುಡಿಸು. ದನದ ಡಾಕ್ಟರು ಇಂದಿಗೂ ದನಕ್ಕೆ ಬಾಯಿಂದ ಔಷಧ ಹಾಕುವುದನ್ನು ಡ್ರೆಂಚ್ ಎಂದೇ ಕರೆಯುತ್ತಾರೆ. ನಮ್ಮ ರೈತರು ಬಿದಿರಿನ ಗೊಟ್ಟದಲ್ಲಿ ಮಾಡುತ್ತಿದ್ದ ಕೆಲಸ ಅದು. ‘ಲೈ’ ಮತ್ತು ‘ಲೇ’ ಎಲ್ಲಿ ಬರುತ್ತವೆ ಎಂದು ಇಂಗ್ಲಿಷ್ ಮನೆಮಾತಿನವರೂ ಗೊಂದಲಪಡುತ್ತಾರೆ. ನಮ್ಮ ಮಕ್ಕಳಿಗೆ ‘ಮಲಗು, ಮಲಗಿಸು’ ಎಂದು ಒಂದು ಸಾಲು ಹೇಳಿದರೆ ಸಾಕು, ಗೊಂದಲ ಮುಕ್ಕಾಲು ಹೋಗುತ್ತದೆ.

ಇಂಗ್ಲಿಷಿನ ಈ ಜೋಡಿಗಳಂತೆ ಬೇರಿನ ಧ್ವನಿಯೇ ಬದಲಾದ ಜೋಡಿ ಕನ್ನಡದಲ್ಲೂ ಇದೆ. ನಾವು ಆಗಲೇ ಆಡಿದ ‘ಹಚ್ಚು’ ಅಂಥದ್ದು. ಬೆಂಕಿ ತಾನಾಗಿ ‘ಹತ್ತುತ್ತದೆ’, ನಾವು ‘ಹಚ್ಚುತ್ತೇವೆ’. ‘ಹತ್ತು’ ಹಳಗನ್ನಡದ ‘ಪತ್ತು’, ಅಂಟಿಕೊಳ್ಳು ಎಂದು ಅರ್ಥ. ‘ತ್ತ’ ಹೋಗಿ ‘ಚ್ಚ’ ಆದರೆ ಅಂಟಿಸು, ತಗುಲಿಸು. ಅದೇ ‘ಹತ್ತು’ ನಮ್ಮ ಭಾಗದಲ್ಲಿ ಇನ್ನೂ ದೂರ ಹೋಗಿದೆ. “ಮಳಿ ಹತ್ತೇತಿ” ಅಂದರೆ ಮಳೆ ಹಿಡಿದುಕೊಂಡಿದೆ, ‘ದಿ ರೇನ್ ಹ್ಯಾಸ್ ಸೆಟ್ ಇನ್’. “ಅಳಾಕ ಹತ್ಯಾನ” ಅಂದರೆ ಅಳುತ್ತಿದ್ದಾನೆ. ಅಂಟಿಕೊಳ್ಳುವ ಕ್ರಿಯಾಪದ ಇಲ್ಲಿ ವ್ಯಾಕರಣವೇ ಆಗಿಬಿಟ್ಟಿದೆ. ಸಣ್ಣ ಪದಗಳ ಹಣೆಬರಹವೇ ಹೀಗೆ, ಅತಿ ಹೆಚ್ಚು ದುಡಿಯುವುದು ಅವೇ.

ಇಲ್ಲಿ ಒಬ್ಬ ಶಿಕ್ಷಕಿ ತಡೆದು ಕೇಳಿದರು: “ಸರ್, ಸೆಟ್ ಅಂದರೆ ಕೂಡಿಸು ಅಂತ ಒಪ್ಪಿದ್ವಿ. ಸೂರ್ಯನನ್ನ ಕೂಡಿಸೋರು ಯಾರು?”

ಒಳ್ಳೆಯ ಪ್ರಶ್ನೆ. ಸೂರ್ಯನನ್ನು ಯಾರೂ ಕೂಡಿಸುವುದಿಲ್ಲ, ಅವನೇ ಕೂಡುತ್ತಾನೆ. ನ್ಯಾಯವಾಗಿ ಅಲ್ಲಿ ‘ಸಿಟ್’ ಬರಬೇಕಿತ್ತು. ಆದರೆ ಸಿಟ್ ಮತ್ತು ಸೆಟ್ ನೂರಾರು ವರ್ಷ ಒಂದರ ಜಾಗದಲ್ಲಿ ಇನ್ನೊಂದು ಓಡಾಡಿವೆ. ಹೀಗೆ ‘ತಾನಾಗಿ ನೆಲೆಗೊಳ್ಳು’ ಎಂಬ ಅರ್ಥವೂ ‘ಸೆಟ್’ಗೆ ಬಂತು. ಸೂರ್ಯ, ಸಿಮೆಂಟು, ಮೊಸರು ಎಲ್ಲವೂ ಈ ಗುಂಪಿನವು. ಹೆಪ್ಪು ಹಾಕುವವರೆಗೆ ನಮ್ಮ ಕೈ, ಆಮೇಲೆ ಮೊಸರು ತಾನೇ ಆಗಬೇಕು. ಕೋಳಿಯ ವಿಷಯದಲ್ಲಂತೂ ಇಂಗ್ಲಿಷಿನಲ್ಲಿ ಎರಡೂ ಉಳಿದಿವೆ. ಮೊಟ್ಟೆಯ ಮೇಲೆ ಕಾವು ಕೂತ ಕೋಳಿಯನ್ನು ‘ಸಿಟಿಂಗ್’ ಅನ್ನುವವರೂ ಇದ್ದಾರೆ, ‘ಸೆಟಿಂಗ್’ ಅನ್ನುವವರೂ ಇದ್ದಾರೆ.

ಮಕ್ಕಳು ‘ಸೆಟ್ಟೆಡ್’ ಎಂದು ಬರೆಯುತ್ತಾರೆ, ನಾವು ಕೆಂಪು ಮಸಿಯಿಂದ ಹೊಡೆಯುತ್ತೇವೆ. ಅದಕ್ಕೂ ಕಾರಣವಿದೆ. ಹಳೆ ಇಂಗ್ಲಿಷಿನಲ್ಲಿ ಭೂತಕಾಲಕ್ಕೆ ‘ಸೆಟ್ಟೆ’ ಎಂಬ ಬೇರೆ ರೂಪವೇ ಇತ್ತು. ಭೂತಕಾಲದ ಪ್ರತ್ಯಯ ತನ್ನ ಹಿಂದಿನ ‘ಟ’ದೊಳಗೆ ಕರಗಿತು, ಕೊನೆಯ ‘ಎ’ ಕಾಲಕ್ರಮದಲ್ಲಿ ಉದುರಿತು. ಹಾಗಾಗಿ ಕ್ರಿಯಾಪದದ ಮೂರೂ ರೂಪಕ್ಕೆ ಸೆಟ್, ಸೆಟ್, ಸೆಟ್. ಪುಟ್, ಕಟ್, ಹಿಟ್, ಲೆಟ್ ಕೂಡ ‘ಟ’ದಲ್ಲೇ ಮುಗಿಯುತ್ತವೆ, ಗಮನಿಸಿ.

ಕಸುಬುಗಳ ಕಡೆ ಒಮ್ಮೆ ನೋಡೋಣ. ಒಂದು ಕ್ರಿಯಾಪದ ಬೆಳೆಯುವುದು ಕೆಲಸಗಾರರ ಕೈಯಲ್ಲಿ. ಮುದ್ರಣ ಕಾಶಿ ಎಂದು ಹೆಸರಾದ ಗದಗಿನ ಅಚ್ಚುಕೂಟಗಳಲ್ಲಿ ಒಂದೊಂದೇ ಅಚ್ಚುಮೊಳೆ ಎತ್ತಿ ಸಾಲು ಜೋಡಿಸುತ್ತಿದ್ದ ಕೆಲಸ ‘ಟೈಪ್ ಸೆಟಿಂಗ್’. ಅಕ್ಷರ ತಲೆಕೆಳಗಾಗಬಾರದು, ಸಾಲು ಸಡಿಲಾಗಬಾರದು. ಮತ್ತೆ ಅದೇ ಅರ್ಥ: ತಕ್ಕ ಜಾಗ, ಅಲ್ಲಾಡದ ಹಾಗೆ. ಬೆಟಗೇರಿಯ ಮಗ್ಗದ ಹಣಿಗೆಯಲ್ಲಿ ಒಂದು ಇಂಚಿಗೆ ಎಷ್ಟು ಹಾಸಿನ ಎಳೆ ಬರಬೇಕು ಎಂಬ ಲೆಕ್ಕವಿದೆಯಲ್ಲ, ಇಂಗ್ಲಿಷ್ ನೇಕಾರರ ಮಾತಿನಲ್ಲಿ ಅದು ‘ಸೆಟ್’. ಬರೆಯುವಾಗ ಕೊನೆಗೆ ಎರಡು ‘ಟಿ’ ಹಾಕುತ್ತಾರೆ. ನಾಟಿಗೆ ಕತ್ತರಿಸಿದ ಕಬ್ಬಿನ ತುಂಡೂ ಹಾಗೇ ಎರಡು ‘ಟಿ’ಯ ‘ಸೆಟ್’. ಬಡಿಗೇರರು ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿಸುತ್ತಾರೆ. ಆಗ ಕೊಯ್ತದ ಸಂದು ಗರಗಸಕ್ಕಿಂತ ಅಗಲವಾಗುತ್ತದೆ, ಗರಗಸ ಮರದಲ್ಲಿ ಸಿಕ್ಕಿಬೀಳುವುದಿಲ್ಲ. ಆ ಬಾಗಿಗೂ ‘ಸೆಟ್’ ಅನ್ನುತ್ತಾರೆ.

ಇನ್ನೂ ಹಿಂದೆ ಹೋಗೋಣ. 1786ರಲ್ಲಿ ಕಲ್ಕತ್ತದಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಒಂದು ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದರು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಧ್ವನಿಗಳು ಹೇಗೆ ಕ್ರಮವಾಗಿ ಬದಲಾದವು ಎಂದು ನಿಯಮ ಬರೆದರು. ಅದರಲ್ಲಿ ಒಂದು ಸಾಲು: ಸಂಸ್ಕೃತ, ಲ್ಯಾಟಿನ್‌ಗಳಲ್ಲಿ ‘ದ’ ಇರುವ ಕಡೆ ಇಂಗ್ಲಿಷಿನಲ್ಲಿ ‘ಟ’ ಬರುತ್ತದೆ. ದ್ವಿ–ಟೂ, ದಶ–ಟೆನ್, ದಂತ–ಟೂತ್, ಪಾದ–ಫುಟ್. ಹಾಗಾದರೆ ‘ಸಿಟ್’, ‘ಸೆಟ್’ಗೆ ಸಂಸ್ಕೃತದಲ್ಲಿ ಏನಿರಬೇಕು? ‘ಸದ್’. ಕೂಡು ಎಂಬ ಅರ್ಥದ ಧಾತು.

ಈ ‘ಸದ್’ ನಮ್ಮ ಸುತ್ತಲೇ ಇದೆ. ಕೂಡುವ ಜಾಗ ‘ಸದನ’. ಒಟ್ಟಿಗೆ ಕೂಡುವುದು ‘ಸಂಸತ್ತು’. ಸುತ್ತ ಕೂಡುವುದು ‘ಪರಿಷತ್ತು’. ಗುರುವಿನ ಹತ್ತಿರ ಕೆಳಗೆ ಕೂಡುವುದು ‘ಉಪನಿಷತ್ತು’. ಮನಸ್ಸು ಕುಸಿದು ಕೂತರೆ ‘ವಿಷಾದ’. ಇನ್ನು ‘ಪ್ರಸಾದ’. ಕಲಕಿದ ನೀರಿನಲ್ಲಿ ಮಣ್ಣು ತಳಕ್ಕೆ ಕೂತು ನೀರು ತಿಳಿಯಾಗುತ್ತದಲ್ಲ, ಆ ತಿಳಿಯಾಗುವುದು ‘ಪ್ರಸದ್’. ಅಲ್ಲಿಂದ ಮನಸ್ಸಿನ ತಿಳಿ, ಪ್ರಸನ್ನತೆ. ಅಲ್ಲಿಂದ ದೇವರ ಪ್ರಸನ್ನತೆ, ಕೃಪೆ. ಅಲ್ಲಿಂದ ಆ ಕೃಪೆಯಾಗಿ ಕೈಗೆ ಬರುವ ಅನ್ನ. ಮಠದ ಪಂಕ್ತಿಯಲ್ಲಿ ಕೂತು ಪ್ರಸಾದ ಉಣ್ಣುವ ನಮಗೆ ಆ ಪದದ ಒಳಗೂ ‘ಕೂಡು’ ಇದೆ ಅಂತ ಗೊತ್ತಾದಾಗ ಆಗುವ ಸಂತೋಷ ಸಣ್ಣದಲ್ಲ. ತಳಕ್ಕೆ ಕೂತ ಮಣ್ಣಿಗೆ ಇಂಗ್ಲಿಷ್ ‘ಸೆಡಿಮೆಂಟ್’ ಅನ್ನುತ್ತದೆ. ಅದು ಲ್ಯಾಟಿನ್ ಮೂಲಕ ಬಂದ ಇದೇ ಧಾತು. ಪ್ರಸಾದ ಮತ್ತು ಸೆಡಿಮೆಂಟ್ ರಕ್ತಸಂಬಂಧಿಗಳು!

ಪಟ್ಟಿ ಬೆಳೆಸಿದಷ್ಟೂ ಬೆಳೆಯುತ್ತದೆ. ಮುಂದೆ ಕೂಡುವವ ‘ಪ್ರೆಸಿಡೆಂಟ್’. ಕೂತು ನಡೆಸುವುದು ‘ಸೆಷನ್’. ಕುದುರೆಯ ಮೇಲೆ ಕೂಡುವ ‘ಸ್ಯಾಡಲ್’. ಒಲೆಯ ಮೇಲ್ಗಡೆ ಬಂದು ಕೂಡುವ ಮಸಿ ‘ಸೂಟ್’. ಇವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ‘ನೆಸ್ಟ್’. ಹಕ್ಕಿ ಕೆಳಗೆ ಕೂಡುವ ಜಾಗ. ಮೊದಲರ್ಧ ‘ನಿ’, ಕೆಳಗೆ ಎಂದು ಅರ್ಥ. ಉಳಿದರ್ಧದಲ್ಲಿ ಅದೇ ‘ಸದ್’ ಮುದುಡಿ ಕೂತಿದೆ. ಸಂಸ್ಕೃತದಲ್ಲಿ ಇದರ ಜೋಡಿ ‘ನೀಡ’. ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಗೂಡು ಎಂಬ ಅರ್ಥದ ಈ ಪದ ಪರಿಚಯ. ನೆಸ್ಟ್ ಮತ್ತು ನೀಡ, ಎರಡು ದೂರದ ನಾಡುಗಳಲ್ಲಿ ಬೆಳೆದ ಒಂದೇ ಪದ.

ಕನ್ನಡ ಆ ಬಳಗದ್ದಲ್ಲ ಎಂಬುದನ್ನು ಮರೆಯಬಾರದು. ದಕ್ಷಿಣದ ಭಾಷೆಗಳದ್ದು ಬೇರೆಯೇ ಬಳಗ ಎಂದು 1816ರಲ್ಲಿ ಮದರಾಸಿನ ಇಂಗ್ಲಿಷ್ ಅಧಿಕಾರಿ ಎಲ್ಲಿಸ್ ಬರೆದರು. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ತೋರಿಸಿದರು. ‘ಸದನ’, ‘ಪ್ರಸಾದ’ ಸಂಸ್ಕೃತದಿಂದ ಬಂದವು. ‘ಕೂಡಿಸು’, ‘ಹಚ್ಚು’ ನಮ್ಮವೇ. ಹೀಗೆ ‘ಸೆಟ್’ಗೆ ಕನ್ನಡದಲ್ಲಿ ರಕ್ತಸಂಬಂಧಿಗಳೂ ಸಿಗುತ್ತಾರೆ, ಸಂಬಂಧವೇ ಇಲ್ಲದೆ ಅದೇ ಕೆಲಸ ಮಾಡುವವರೂ ಸಿಗುತ್ತಾರೆ. ನನಗೆ ಎರಡನೆಯವರ ಮೇಲೇ ಪ್ರೀತಿ ಜಾಸ್ತಿ. ಸಂಬಂಧವಿಲ್ಲದ ಎರಡು ಭಾಷೆಗಳು ಬೆಂಕಿಗೂ ಬೆಲೆಗೂ ಜಗಳಕ್ಕೂ ಒಂದೇ ಕ್ರಿಯಾಪದ ಆರಿಸಿಕೊಂಡಿವೆ ಅಂದರೆ, ಮನುಷ್ಯರ ಯೋಚನೆಯಲ್ಲೇ ಅಂಥ ಒಂದು ದಾರಿ ಇರಬೇಕು.

ಒಂದು ತೊಡಕು ಉಳಿದಿದೆ. ಟೀ ಸೆಟ್, ಚೆಸ್ ಸೆಟ್, ಸೆಟ್ ದೋಸೆ. ಇಲ್ಲಿ ಸೆಟ್ ಅಂದರೆ ಗುಂಪು. ಕೂಡಿಸುವುದಕ್ಕೂ ಇದಕ್ಕೂ ಏನು ಸಂಬಂಧ? ಮೂಲದಲ್ಲಿ ಏನೂ ಇಲ್ಲ. ಈ ನಾಮಪದ ಹಳೆ ಫ್ರೆಂಚಿನ ‘ಸೆಟ್ಟೆ’ಯಿಂದ ಬಂತು. ಅದಕ್ಕೆ ಹಿಂದೆ ಲ್ಯಾಟಿನ್ ‘ಸೆಕ್ಟಾ’, ಹಿಂಬಾಲಿಸು ಎಂಬ ಅರ್ಥದ ಕ್ರಿಯಾಪದಕ್ಕೆ ಸೇರಿದ್ದು. ಒಬ್ಬರ ಹಿಂದೆ ಹೋಗುವವರ ಗುಂಪು, ಪಂಥ. ‘ಸೆಕ್ಟ್’ ಕೂಡ ಅಲ್ಲಿಂದಲೇ. ಇಂಗ್ಲಿಷಿಗೆ ಬಂದ ಮೇಲೆ ಎರಡೂ ಒಂದೇ ಉಚ್ಚಾರವಾಗಿ ಬೆರೆತುಹೋದವು. ಜೋಡಿಸಿಟ್ಟ ವಸ್ತುಗಳು ಗುಂಪೂ ಹೌದಲ್ಲವೇ? ಹಾಗಾಗಿ ಅರ್ಥಗಳೂ ಒಂದಕ್ಕೊಂದು ಹೊಲಿದುಕೊಂಡವು.

ನಮ್ಮ ‘ಕೂಡು’ವಿನ ಕಥೆಯೂ ಇದೇ. “ಇಲ್ಲಿ ಕೂಡ್ರಿ” ಅನ್ನುವ ಕೂಡು ಹಳಗನ್ನಡದ ‘ಕುಳ್ಳಿರ್’ ಕಡೆಯದು. ಅದರ ಭೂತಕಾಲ ‘ಕೂತ’. “ಲೆಕ್ಕ ಕೂಡಿಸು” ಅನ್ನುವ ಕೂಡು ಸೇರು ಎಂಬ ಅರ್ಥದ್ದು. ಅದರ ಭೂತಕಾಲ ‘ಕೂಡಿದ’. ಪ್ರೇರಣಾರ್ಥಕದಲ್ಲಿ ಎರಡೂ ಒಂದೇ ‘ಕೂಡಿಸು’ ಆಗಿಬಿಡುತ್ತವೆ. ಗಣಪತಿಯನ್ನೂ ಕೂಡಿಸುತ್ತೇವೆ, ಅದಕ್ಕೆ ಬಂದ ಪಟ್ಟಿಯ ಹಣವನ್ನೂ ಕೂಡಿಸುತ್ತೇವೆ. ಮುರಿದ ಎಲುಬು ಕೂಡಿಸುವುದು ಇವೆರಡರಲ್ಲಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ‘ಸೇರಿಸು’ ಕಡೆಗೆ ವಾಲುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕೂ ‘ಸೆಟ್’ ಅಂತಲೇ ಹೇಳುತ್ತಾರೆ.

ಕೊನೆಯದಾಗಿ, ನಮ್ಮೂರಿಗೆ ಬಂದು ನೆಲೆಸಿದ ‘ಸೆಟ್’. ಕನ್ನಡ ಇದನ್ನು ಕ್ರಿಯಾಪದವಾಗಿ ನೇರವಾಗಿ ತೆಗೆದುಕೊಳ್ಳಲಿಲ್ಲ. ‘ಮಾಡು’, ‘ಆಗು’ ಸೇರಿಸಿ ‘ಸೆಟ್ ಮಾಡು’, ‘ಸೆಟ್ ಆಗು’ ಮಾಡಿಕೊಂಡಿತು. ಇಂಗ್ಲಿಷ್ ನೂರಾರು ವರ್ಷ ಬೆರೆಸಿಟ್ಟ ಕೂಡಿಸು, ತಾನಾಗಿ ಕೂಡು ಎಂಬ ಎರಡು ಅರ್ಥಗಳನ್ನು ಪದ ಬಂದ ಕೂಡಲೇ ಕನ್ನಡ ಮತ್ತೆ ಬೇರೆ ಮಾಡಿತು. ಅಷ್ಟೇ ಅಲ್ಲ. “ಅವಂಗೂ ನನಗೂ ಸೆಟ್ ಆಗಂಗಿಲ್ಲ” ಎಂದು ಹುಬ್ಬಳ್ಳಿಯ ಹುಡುಗ ಹೇಳುತ್ತಾನೆ. ಇಬ್ಬರಿಗೆ ಹೊಂದಾಣಿಕೆ ಆಗುವುದಿಲ್ಲ ಎಂಬ ಈ ಅರ್ಥದಲ್ಲಿ ಇಂಗ್ಲಿಷಿನವರು ‘ಸೆಟ್’ ಬಳಸುವುದಿಲ್ಲ. ಇದು ಇಲ್ಲಿ ಹುಟ್ಟಿದ ಅರ್ಥ. 1894ರಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದಾಗ ಈ ಮಾತಿರಲಿಲ್ಲ. ಮುಂದೆ ಕನ್ನಡ ನಿಘಂಟು ಮಾಡುವವರು ‘ಸೆಟ್ ಆಗು’ ಎಂಬುದನ್ನು ಇಂಗ್ಲಿಷ್ ಪದ ಎಂದು ಬದಿಗೆ ತಳ್ಳದೆ, ಕನ್ನಡದ ನಮೂದಾಗಿಯೇ ಸೇರಿಸಬೇಕು. ಅದರ ಪಕ್ಕದಲ್ಲಿ ಧಾರವಾಡದ ‘ಹಚ್ಚು’ವಿಗೆ ಇರುವ ಎಲ್ಲ ಅರ್ಥಗಳನ್ನೂ, ಫೋನ್ ಹಚ್ಚುವುದರಿಂದ ಊಟಕ್ಕೆ ಹಚ್ಚುವವರೆಗೆ, ಒಂದೂ ಬಿಡದೆ ಬರೆಯಬೇಕು.